ಚೀಲದಲ್ಲಿ ಉಳಿದದ್ದು

ಬಟ್ಟೆಯನ್ನು ಎಷ್ಟು ಹಿಂಡಬೇಕು? ಕೂಸಿಗೆ ರಾಗಿ ಮಣ್ಣಿ ಮಾಡಿದ ಯಾರಿಗೇ ಆದರೂ ಈ ಪ್ರಶ್ನೆ ಕೈಗೇ ಗೊತ್ತಿರುತ್ತದೆ. ರಾತ್ರಿ ನೆನೆಸಿಟ್ಟ ರಾಗಿಯನ್ನು ನುಣ್ಣಗೆ ರುಬ್ಬಿ, ನೀರು ಬೆರೆಸಿ, ತೆಳುವಾದ ಬಟ್ಟೆಗೆ ಸುರಿದು ಹಿಂಡುತ್ತಾರೆ. ಮೊದಲ ಹಾಲು ಗಟ್ಟಿಯಾಗಿರುತ್ತದೆ. ಬಟ್ಟೆಯೊಳಗೆ ಉಳಿದದ್ದಕ್ಕೆ ಮತ್ತೆ ನೀರು ಹಾಕಿ ಕಿವುಚಿ ಹಿಂಡಿದರೆ ಎರಡನೆಯ ಹಾಲು. ಮೂರನೆಯದು ಬಹುಪಾಲು ನೀರೇ. ಆಮೇಲೆ ಬಟ್ಟೆ ಬಿಚ್ಚಿ, ಚರಟವನ್ನು ದನದ ಬಾನಿಗೆ ಹಾಕುತ್ತಾರೆ. ಹಾಲಿಗೆ ಬೆಲ್ಲ ಹಾಕಿ ಒಲೆಯ ಮೇಲಿಟ್ಟು ಮಗುಚುತ್ತಾರೆ.

ನಾಲ್ಕನೆಯ ಸಲ ಯಾಕೆ ಹಿಂಡುವುದಿಲ್ಲ? ಚರಟದಲ್ಲಿ ರಾಗಿಯ ಸತ್ವ ಪೂರ್ತಿ ಮುಗಿದಿರುವುದಿಲ್ಲ. ಆದರೆ ಇನ್ನೊಂದು ಲೋಟ ನೀರು ಹಾಕಿದರೆ ಆ ನೀರನ್ನೂ ಒಲೆಯ ಮೇಲೆ ಇಂಗಿಸಬೇಕು. ಅದಕ್ಕೆ ಸೌದೆ ಬೇಕು, ಹೊತ್ತು ಬೇಕು, ಅಷ್ಟರಲ್ಲಿ ಕೂಸು ಅಳುತ್ತದೆ. ಹಿಂಡುವ ಕೈ ಇಷ್ಟನ್ನೂ ಒಟ್ಟಿಗೆ ತೂಗಿ ಒಂದು ಕಡೆ ನಿಲ್ಲುತ್ತದೆ. ಆ ನಿಲ್ಲುವಿಕೆಯ ಬಗ್ಗೆ ಈ ಬರಹ.

ಮೆಲ್ಬರ್ನ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಹೆಚ್ಚುಕಡಿಮೆ ಇದೇ ಕೆಲಸವನ್ನು ಬಿಯರಿಗಾಗಿ ಮಾಡುತ್ತಾನೆ. ಸ್ವಂತಕ್ಕೆಂದು ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅಲ್ಲಿ ಕಾನೂನಿನ ಅಡ್ಡಿಯಿಲ್ಲ. ಇಲ್ಲಿ ಹಾಗಲ್ಲ. ಕರ್ನಾಟಕದ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಆಯನೂರಿನಲ್ಲಿ ಕೂತ ನನಗೆ ಅವನ ಬಿಯರ್ ವೀಡಿಯೋ ಕಾಲ್‌ನಲ್ಲಿ ನೋಡುವ ಸರಕು ಮಾತ್ರ. ಅವನ ವಿಧಾನಕ್ಕೆ ಅಲ್ಲಿಯವರು ಇಟ್ಟಿರುವ ಹೆಸರು 'ಬ್ರೂ ಇನ್ ಎ ಬ್ಯಾಗ್'. ಈ ಶತಮಾನದ ಮೊದಲ ದಶಕದಲ್ಲಿ ಆಸ್ಟ್ರೇಲಿಯಾದ ಹವ್ಯಾಸಿಗಳೇ ಇದನ್ನು ಬಳಕೆಗೆ ತಂದವರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ನುಚ್ಚು ಮಾಡಿ ಬಟ್ಟೆಯ ಚೀಲಕ್ಕೆ ತುಂಬುವುದು. 66–67 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡುವುದು. ಮೊಳಕೆಯೊಡೆದಾಗ ಕಾಳಿನಲ್ಲಿ ಎಚ್ಚೆತ್ತ ಕಿಣ್ವಗಳು ಆ ಬಿಸಿಯಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ನಂತರ ಚೀಲ ಎತ್ತಿ, ಬಸಿದು, ಬೇಕಾದರೆ ಹಿಂಡಿ, ಉಳಿದ ಸಿಹಿನೀರನ್ನು ಒಂದು ಗಂಟೆ ಕುದಿಸಿ, ತಣಿಸಿ, ಯೀಸ್ಟ್ ಹಾಕಿದರೆ ಅವನ ಪಾಲಿನ ಕೆಲಸ ಮುಗಿಯಿತು.

ಅವನ ಬಿಯರಿಗಿಂತ ನನ್ನನ್ನು ಹೆಚ್ಚು ಸೆಳೆದದ್ದು ಅವನ ನೋಟ್‌ಬುಕ್. ಕೊನೆಗೆ 20 ಲೀಟರ್ ಬೇಕಾದರೆ ಅವನು ಶುರುವಿಗೇ 29 ಲೀಟರ್ ನೀರು ಅಳೆದು ಸುರಿಯುತ್ತಾನೆ. ಐದು ಕೆ.ಜಿ. ಮಾಲ್ಟ್ ಚೀಲದೊಳಗೆ ಹೀರಿಕೊಂಡು ಉಳಿಸಿಕೊಳ್ಳುವುದು 3 ಲೀಟರ್. ಕುದಿಯುವಾಗ ಆವಿಯಾಗುವುದು ಮೂರೂವರೆ. ಪಾತ್ರೆಯ ತಳದಲ್ಲಿ ಗಸಿಯೊಂದಿಗೆ ಬಿಡಬೇಕಾದದ್ದು ಒಂದೂವರೆ. ಕುದಿಯುವ ನೀರು ತಣಿಯುವಾಗ ನೂರಕ್ಕೆ ಸುಮಾರು ನಾಲ್ಕರಷ್ಟು ಕುಗ್ಗುವುದರಿಂದ ಅಲ್ಲಿ ಇನ್ನೊಂದು. ಒಟ್ಟು 9. ಪ್ರತಿ ಲೀಟರಿಗೂ ಅವನ ಬಳಿ ಜವಾಬು ಇದೆ. ಒಂದು ದಿನ ಕರೆ ಮಾಡಿ, "ಅಣ್ಣ, ಈ ಸಲ ಎಂಬತ್ತು!" ಅಂದ. ಪರೀಕ್ಷೆಯ ಫಲಿತಾಂಶ ಬಂದ ಹುಡುಗನ ದನಿ.

ಎಂಬತ್ತು ಅಂದರೆ ದಕ್ಷತೆ. ಐದು ಕೆ.ಜಿ. ಮಾಲ್ಟಿನಿಂದ ಪ್ರಯೋಗಾಲಯದ ಆದರ್ಶ ಪರಿಸ್ಥಿತಿಯಲ್ಲಿ ಸುಮಾರು 4 ಕೆ.ಜಿ. ಸತ್ವ ಹೊರಬರಬಹುದು. ಅವನ ಪಾತ್ರೆಗೆ ಬಂದದ್ದು 3.2 ಕೆ.ಜಿ. ಭಾಗಿಸಿದರೆ ಶೇಕಡಾ 80. ಆದರೆ ತಳದ ಗಸಿಯೊಂದಿಗೆ ಸ್ವಲ್ಪ ಬಿಟ್ಟ ಮೇಲೆ ಹುದುಗುವ ಡಬ್ಬಿಗೆ ನಿಜವಾಗಿ ಇಳಿದದ್ದು 3 ಕೆ.ಜಿ. ಚಿಲ್ಲರೆ ಕಡಿಮೆ. ಆಗ ಅದೇ ಅಡುಗೆಯ ದಕ್ಷತೆ ಶೇಕಡಾ 74. ಇನ್ನು, ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದು ಐದು ಕೆ.ಜಿ. ಕಾಳಲ್ಲವೇ, ಅದರಲ್ಲಿ ಎಷ್ಟು ದಕ್ಕಿತು ಎಂದು ಕೇಳಿದರೆ ಶೇಕಡಾ 60. ಒಂದೇ ಪಾತ್ರೆ, ಒಂದೇ ದಿನ, ಮೂರು ಅಂಕಿ. ಮೂರೂ ಸುಳ್ಳಲ್ಲ.

ಶಾಲೆಯಲ್ಲಿ ಭಿನ್ನರಾಶಿ ಕಲಿಯುವಾಗ ಮೇಲಿನದು ಅಂಶ, ಕೆಳಗಿನದು ಛೇದ ಎಂದು ಬಾಯಿಪಾಠ ಮಾಡಿದ್ದೇವೆ. ದಕ್ಷತೆಯ ಮಾತು ಬಂದಾಗ ನಾವೆಲ್ಲ ಅಂಶದ ಕಡೆ ನೋಡುತ್ತೇವೆ: ಎಷ್ಟು ಬಂತು, ಇನ್ನೂ ಎಷ್ಟು ತೆಗೆಯಬಹುದಿತ್ತು. ಛೇದವನ್ನು ಯಾರು ಬರೆದರು, ಎಲ್ಲಿಂದ ಎಲ್ಲಿಯವರೆಗೆ ಬೇಲಿ ಹಾಕಿ ಅಳೆದರು ಎಂದು ಕೇಳುವುದು ಅಪರೂಪ. ನನ್ನ ಅನುಮಾನ ಏನೆಂದರೆ, ದಕ್ಷತೆಯ ನೈತಿಕ ಪ್ರಶ್ನೆಗಳೆಲ್ಲ ಛೇದದಲ್ಲೇ ಇವೆ.

ಇಷ್ಟು ಓದಿದ ಮೇಲೆ ನೀವು, ಇದು ಅಳತೆಯ ವಿರುದ್ಧದ ಇನ್ನೊಂದು ಬರಹ, ಇನ್ನು ಅಜ್ಜಿಯ ಕಣ್ಣಳತೆಯ ಗುಣಗಾನ ಶುರುವಾಗುತ್ತದೆ ಎಂದುಕೊಳ್ಳಬಹುದು. ಹಾಗಿಲ್ಲ. ಅಳೆಯುವುದು ಒಳ್ಳೆಯ ಗುಣ ಎಂದೇ ನಾನು ನಂಬಿದ್ದೇನೆ. ಅದಕ್ಕೆ ಬಿಯರಿನ ಚರಿತ್ರೆಯಲ್ಲೇ ಸಾಕ್ಷಿ ಸಿಗುತ್ತದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಪೋರ್ಟರ್ ಎಂಬ ಕಪ್ಪು ಬಿಯರನ್ನು ಕಂದು ಮಾಲ್ಟಿನಿಂದ ಮಾಡುತ್ತಿದ್ದರು. ಅದು ಅಗ್ಗ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಹಲ್ ಊರಿನ ಜಾನ್ ರಿಚರ್ಡ್‌ಸನ್ ಎಂಬಾತ ಮಾಲ್ಟಿನ ಸಿಹಿನೀರಿನ ಸಾಂದ್ರತೆ ಅಳೆಯುವ ಸ್ಯಾಕರೋಮೀಟರನ್ನು ಬಳಸಿ, ಯಾವ ಕಾಳು ಎಷ್ಟು ಸತ್ವ ಕೊಡುತ್ತದೆ ಎಂಬ ಲೆಕ್ಕವನ್ನು 1784ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಇಂಥ ಅಳತೆ ರೂಢಿಗೆ ಬಂದಂತೆ, ಅಗ್ಗದ ಕಂದು ಮಾಲ್ಟಿಗಿಂತ ದುಬಾರಿಯ ತಿಳಿಬಣ್ಣದ ಮಾಲ್ಟೇ ಕೊಟ್ಟ ಹಣಕ್ಕೆ ಹೆಚ್ಚು ಸತ್ವ ಕೊಡುತ್ತದೆ ಎಂದು ತಿಳಿದುಬಂತು. ತಲೆಮಾರುಗಳಿಂದ ನಡೆದುಬಂದ ನಂಬಿಕೆಯನ್ನು ಒಂದು ಗಾಜಿನ ಕೊಳವೆಯಷ್ಟು ಚಿಕ್ಕ ಉಪಕರಣ ತಿರುವುಮುರುವು ಮಾಡಿತು. ಅಳತೆಗೆ ಈ ಶಕ್ತಿ ಇದೆ. 'ಎಲ್ಲರಿಗೂ ಗೊತ್ತು' ಎಂಬ ಮಾತಿನ ಮುಂದೆ ಅದು ತಲೆ ಬಾಗುವುದಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಿಯರ್ ಮಾಡುವವರು ತಿಳಿ ಮಾಲ್ಟಿಗೆ ಬದಲಾದಾಗ ಪೋರ್ಟರಿನ ಕಪ್ಪು ಬಣ್ಣ ಹೋಯಿತು. ಕುಡಿಯುವವರಿಗೆ ಬೇಕಾದದ್ದು ಕಪ್ಪು ಬಿಯರೇ. ಸುಟ್ಟ ಸಕ್ಕರೆಯಂಥ ಬೇರೆ ಬಣ್ಣಗಳನ್ನು ಬೆರೆಸುವುದು ನಡೆಯಿತು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಮಾಲ್ಟನ್ನೇ ಕಪ್ಪಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಈ ಕಗ್ಗಂಟು ಸಡಿಲವಾಯಿತು. ಸ್ಯಾಕರೋಮೀಟರ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದನ್ನು ಸಕ್ಕರೆಯ ಬಗ್ಗೆ ಕೇಳಿದ್ದರು, ಸಕ್ಕರೆಯ ಬಗ್ಗೆ ಹೇಳಿತು. ಬಣ್ಣ ಆ ಬೇಲಿಯ ಹೊರಗಿತ್ತು.

ಬೇಲಿಯ ಹೊರಗಿರುವುದು ಎಂದಾಗ ನಮ್ಮ ಜಿಲ್ಲೆಯವರಿಗೆ ಭದ್ರಾವತಿ ನೆನಪಾಗಬೇಕು. ಅಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ಕುಲುಮೆಗೆ ಬಳಸಿದ್ದು ಇದ್ದಿಲು. ಕಲ್ಲಿದ್ದಲು ನಮ್ಮಲ್ಲಿ ಇರಲಿಲ್ಲ, ಕಾಡು ಇತ್ತು. ಸೌದೆಯನ್ನು ಬರಿದೆ ಸುಟ್ಟು ಇದ್ದಿಲು ಮಾಡಿದರೆ ಹೊಗೆ ವ್ಯರ್ಥವಾಗಿ ಹೋಗುತ್ತದೆ ಎಂದು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಆ ಹೊಗೆಯನ್ನೇ ತಣಿಸಿ, ಮರದ ಮದ್ಯಸಾರ, ಅಸಿಟೇಟ್, ಟಾರು ತೆಗೆಯುವ ವ್ಯವಸ್ಥೆಯೂ ಅಲ್ಲಿತ್ತು. ಆ ಕಾಲಕ್ಕೆ ಅದು ದೊಡ್ಡ ಜಾಣ್ಮೆ. ಹೊಗೆಯನ್ನೂ ಬಿಡದೆ ಹಿಂಡಿದ ಕಾರ್ಖಾನೆ! ಕಾರ್ಖಾನೆಯ ಕಾಂಪೌಂಡಿನೊಳಗೆ ನಿಂತು ಅಳೆದರೆ ಇದಕ್ಕಿಂತ ದಕ್ಷ ಕೆಲಸ ಕಷ್ಟ. ಆದರೆ ಸೌದೆ ಗೇಟಿನೊಳಗೆ ಬಂದ ಮೇಲೆ ಶುರುವಾಗುವ ಲೆಕ್ಕ ಅದು. ಮರ ಬೆಳೆಯಲು ಹಿಡಿದ ವರ್ಷಗಳು, ಆ ಮರದ ಕೆಳಗಿನ ತೊರೆ, ಅದನ್ನು ನಂಬಿದ್ದ ಜನ, ಇವು ಛೇದದಲ್ಲಿ ಇರಲಿಲ್ಲ. ಆ ಕಾರ್ಖಾನೆ ಸಾವಿರಾರು ಮನೆಗಳ ಒಲೆ ಉರಿಸಿದೆ ಎಂಬುದೂ ಕೂಡ ಟನ್ನಿನ ಲೆಕ್ಕದಲ್ಲಿ ಕಾಣುವುದಿಲ್ಲ. ಬೇಲಿಯ ಹೊರಗೆ ಕೇಡು ಮಾತ್ರ ಇರುತ್ತದೆ ಎಂದು ತಿಳಿಯಬೇಕಾಗಿಲ್ಲ. ಒಳ್ಳೆಯದೂ ಅಲ್ಲೇ ಬಿದ್ದಿರುತ್ತದೆ.

ಮಲೆನಾಡಿನ ಆಲೆಮನೆಯನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಒಂದು ಟನ್ ಕಬ್ಬಿಗೆ ಅಂದಾಜು ಒಂದು ಕ್ವಿಂಟಾಲ್ ಬೆಲ್ಲ ಬಂದರೆ ಒಳ್ಳೆಯ ಇಳುವರಿ ಎನ್ನುತ್ತಾರೆ. ಗಾಣದಲ್ಲಿ ಹಿಂಡಿದ ಸಿಪ್ಪೆಯಲ್ಲಿ ಇನ್ನೂ ಹಾಲು ಉಳಿದಿರುತ್ತದೆ. ಸಕ್ಕರೆ ಕಾರ್ಖಾನೆಗಳು ಅದನ್ನು ಬಿಡುವುದಿಲ್ಲ. ಸಾಲು ಗಾಣಗಳಲ್ಲಿ ಹಾಯಿಸಿ, ಸಿಪ್ಪೆಗೆ ನೀರು ಸಿಂಪಡಿಸಿ ಮತ್ತೆ ಹಿಂಡುತ್ತವೆ. ಆಲೆಮನೆಯವನು ಹಾಗೆ ಮಾಡಹೋದರೆ ಸೇರಿಸಿದ ನೀರನ್ನೆಲ್ಲ ಕೊಪ್ಪರಿಗೆಯಲ್ಲಿ ಆವಿ ಮಾಡಬೇಕು. ಒಂದು ಲೀಟರ್ ನೀರನ್ನು ಕುದಿಯುವ ತನಕ ತರುವುದಕ್ಕಿಂತ, ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು ಏಳು ಪಟ್ಟು ಶಾಖ ಬೇಕು. ಅವನ ಒಲೆಗೆ ಉರುವಲು ಅದೇ ಒಣಗಿದ ಸಿಪ್ಪೆ. ಆದ್ದರಿಂದ ಅವನು ಸ್ವಲ್ಪ ಹಾಲನ್ನು ಸಿಪ್ಪೆಯಲ್ಲೇ ಬಿಡುತ್ತಾನೆ. ಕಾರ್ಖಾನೆಯ ಲೆಕ್ಕದಲ್ಲಿ ಅದು ನಷ್ಟ. ಅವನ ಲೆಕ್ಕದಲ್ಲಿ ಸೌದೆ ಕಡಿಯದೆ ನಡೆದುಹೋದ ಅಡುಗೆ.

ಇನ್ನೊಂದು ಬಾಬತ್ತೂ ಇದೆ. ಆಲೆಮನೆಗೆ ಬಂದವರಿಗೆ ಕಬ್ಬಿನ ಹಾಲು ಕುಡಿಸದೆ, ನೊರೆಬೆಲ್ಲ ನೆಕ್ಕಿಸದೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ದಿನಕ್ಕೆ ಹತ್ತು ಜನ ಬಂದರೆ ಹತ್ತು ಚೊಂಬು. ಇದನ್ನು ಯಾವ ಕಲಮಿನಲ್ಲಿ ಬರೆಯುವುದು? ಆವಿಯಾದದ್ದು, ತಳ ಹಿಡಿದದ್ದು, ಕುಡಿಸಿದ್ದು ಎಂದು ಮೂರನ್ನೂ ಒಟ್ಟಿಗೆ 'ಕಳೆದದ್ದು' ಎಂದು ಬರೆದರೆ ಗಣಿತ ಸರಿಹೋಗುತ್ತದೆ. ಮೂರೂ ಬೆಲ್ಲವಾಗಲಿಲ್ಲ ಎಂಬುದು ನಿಜ. ಆದರೆ ಮೂರನೆಯದನ್ನು ನಷ್ಟ ಎಂದು ಕರೆಯುವ ಮನುಷ್ಯ, ಮುಂದಿನ ವರ್ಷ ಆಲೆಮನೆಯ ಬಾಗಿಲು ಹಾಕಿಕೊಂಡೇ ಬೆಲ್ಲ ಕಾಯಿಸುತ್ತಾನೆ.

ಇಲ್ಲಿ ನಿಂತು ಹಳೆಯ ಕಾಲ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವುದು ಸುಲಭ. ಆದರೆ ಹಳೆಯ ಕಾಲದ ಕಣದಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು. ಸುಗ್ಗಿಯಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎನ್ನುತ್ತಿದ್ದರು. ಊರಿನ ಕಮ್ಮಾರ, ಬಡಗಿ, ಅಗಸ, ತಳವಾರ ಮುಂತಾದ ಆಯಗಾರರಿಗೆ ಅಲ್ಲೇ ಅವರವರ ಆಯ ಸಲ್ಲುತ್ತಿತ್ತು. ಕೊಡುವವನ ಬಾಯಲ್ಲಿ ಅದು ಎಷ್ಟೋ ಸಲ ದಾನ. ಪಡೆಯುವವನಿಗೆ ಅದು ವರ್ಷವಿಡೀ ದುಡಿದ ಕೂಲಿ. ಕೆಲವರು ರಾಶಿಯ ಹತ್ತಿರ ನಿಂತು ಪಡೆದರು, ಕೆಲವರು ದೂರ ನಿಂತು, ಜೊಳ್ಳು ಬೆರೆತ ಕಾಳಿಗೆ ಸೆರಗೊಡ್ಡಿ ಪಡೆದರು. ಅಳೆಯದೆ ಕೊಟ್ಟಾಗ ಕೂಲಿ ಯಾವುದು, ಔದಾರ್ಯ ಯಾವುದು ಎಂದು ಬೇರೆ ಮಾಡಲು ಆಗುವುದಿಲ್ಲ. ಹಾಗೆ ಆಗದಿರುವುದು ಯಾವಾಗಲೂ ಕೊಡುವವನಿಗೇ ಅನುಕೂಲ. ಆದ್ದರಿಂದಲೇ ನಾನು ಅಳತೆಯನ್ನು ಬಿಟ್ಟುಕೊಡಲಾರೆ. ಕೆಳಗೆ ನಿಂತವನ ಕೈಗೂ ಕೊಳಗ ಸಿಕ್ಕಿದ ದಿನ ನ್ಯಾಯದ ಮಾತು ಶುರುವಾಗುತ್ತದೆ.

ಈ ಯೋಚನೆಗಳೆಲ್ಲ ನನಗೆ ಬರಿಯ ಯೋಚನೆಗಳಾಗಿ ಉಳಿದಿಲ್ಲ. ಸಾಗರದ ರಸ್ತೆಯ ಆಸುಪಾಸಿನ ಬಹಳ ಮನೆಗಳಂತೆ ನಮ್ಮದೂ ಒಂದು ಸಣ್ಣ ಅಡಿಕೆ ತೋಟ. ಕೊಯ್ಲಿನ ದಿನಗಳಲ್ಲಿ ಆರು ಜನ ಹೆಂಗಸರು ಸಂಜೆಯ ಮೇಲೆ ಮೆಟ್ಟುಗತ್ತಿ ಹಿಡಿದು ಅಂಗಳದಲ್ಲಿ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ಡಬ್ಬಕ್ಕೆ ಇಷ್ಟು ಎಂದು ಕೂಲಿ. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸುತ್ತೇವೆ. ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಅಡಿಕೆ ಹಾಕಿ ಬೇಯಿಸಿದಂತೆ ಅದು ಕೆಂಪಗೆ, ಮಂದವಾಗಿ ಚೊಗರು ಆಗುತ್ತದೆ. ಅಡಿಕೆಗೆ ಬಣ್ಣ, ಹೊಳಪು ಕೊಡುವುದು ಅದೇ. ತಮಾಷೆಯೆಂದರೆ, ಮೆಲ್ಬರ್ನಿನ ಹವ್ಯಾಸಿಗಳು ಚೀಲವನ್ನು ಜೋರಾಗಿ ಹಿಂಡಬಾರದು ಎಂದು ಹೆದರುವುದು ಇದೇ ಒಗರಿಗೆ. ಬಿಯರಿನಲ್ಲಿ ಒಗರು ದೋಷ. ಅದಕ್ಕೆ ಹಿಂಡುವಿಕೆಗಿಂತ ನೀರಿನ ಅತಿಯಾದ ಬಿಸಿ ಮತ್ತು ಕ್ಷಾರಗುಣವೇ ಹೆಚ್ಚು ಕಾರಣ ಎಂದು ಬಲ್ಲವರು ಹೇಳಿದರೂ ಹೆದರಿಕೆ ಹೋಗಿಲ್ಲ. ಅವರು ಬೇಡವೆಂದು ಚೀಲದಲ್ಲಿ ಬಿಡುವುದನ್ನು ನಾವು ಹಂಡೆಯಲ್ಲಿ ಕೂಡಿಡುತ್ತೇವೆ. ಯಾವುದು ಸತ್ವ, ಯಾವುದು ಕಸ ಎಂಬುದು ಕಾಳಿನ ಗುಣವಷ್ಟೇ ಅಲ್ಲ, ಅದನ್ನು ಕೇಳುವವನ ಬೇಕು ಕೂಡ ಹೌದು.

ಈ ವರ್ಷ ನಮ್ಮ ಮನೆಯಲ್ಲಿ ಸುಲಿಯುವ ಯಂತ್ರದ ಚರ್ಚೆ ನಡೆದಿದೆ. ತಮ್ಮ ಲೆಕ್ಕ ಹಾಕಿದ್ದಾನೆ. ಗಂಟೆಗೆ ಎಷ್ಟು, ಒಡೆದುಹೋಗುವ ಅಡಿಕೆ ಎಷ್ಟು, ಕರೆಂಟು ಎಷ್ಟು, ಎಷ್ಟು ವರ್ಷಕ್ಕೆ ಅಸಲು ಹುಟ್ಟುತ್ತದೆ ಎಂದೆಲ್ಲ ಬರೆದಿಟ್ಟಿದ್ದಾನೆ. ಲೆಕ್ಕದಲ್ಲಿ ತಪ್ಪಿಲ್ಲ. ಆಳು ಸಿಗುವುದು ಕಷ್ಟ ಎಂಬುದೂ ನಿಜ. ಸುಲಿಯಲು ಬರುವವರ ಮಕ್ಕಳು ಈ ಕೆಲಸಕ್ಕೆ ಬರುವುದಿಲ್ಲ, ಬರಲೂಬಾರದು. ರಾತ್ರಿ ಹತ್ತರವರೆಗೆ ಬೆನ್ನು ಬಗ್ಗಿಸಿ ಕೂರುವ ಕೆಲಸವನ್ನು ದೂರದಿಂದ ಕೊಂಡಾಡುವುದು ಸರಿಯಲ್ಲ. ಆದರೂ ಆ ಹಾಳೆಯಲ್ಲಿ 'ಉಳಿತಾಯ' ಎಂದು ಬರೆದ ಸಾಲಿನ ಮೊತ್ತ ಇನ್ನೊಂದು ಹಾಳೆಯಲ್ಲಿ ಆರು ಮನೆಗಳ ಚಳಿಗಾಲದ ಆದಾಯ. ಒಂದೇ ರೂಪಾಯಿ, ಎರಡು ಹೆಸರು.

ಅವರಲ್ಲಿ ಹಿರಿಯಳಾದವಳು ಬಹಳ ವರ್ಷಗಳಿಂದ ಬರುತ್ತಿರುವವಳು. ಡಬ್ಬವನ್ನು ಬಾಯಿಮಟ್ಟಕ್ಕೆ ತುಂಬಬೇಕೋ ಗುಪ್ಪೆಯಾಗಿ ತುಂಬಬೇಕೋ ಎಂಬ ತಕರಾರು ಬಂದಾಗೆಲ್ಲ ಅವಳದು ಒಂದೇ ಮಾತು: "ಮಟ್ಟಕ್ಕೆ ತುಂಬಿ, ಮಟ್ಟಕ್ಕೇ ಬರ್ಕಳಿ ಮಾರಾಯ್ರೆ. ಮೇಲಿಂದು ನಮಗೂ ಬ್ಯಾಡ, ನಿಮಗೂ ಬ್ಯಾಡ." ಗುಪ್ಪೆಯಾಗಿ ತುಂಬಿಸಿಕೊಂಡ ಪ್ರತಿ ಡಬ್ಬದ ತಲೆಯ ಮೇಲೂ ಕೂಲಿ ಕೊಡದ ಒಂದು ಹಿಡಿ ಅಡಿಕೆ ಇರುತ್ತದೆ ಎಂಬುದು ಅವಳಿಗೆ ಯಾರೂ ಕಲಿಸದೆ ಗೊತ್ತು. ಅಳತೆಯ ನೀತಿಯ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ನೇರವಾದ ಮಾತು ಸಿಕ್ಕಿಲ್ಲ.

ದಕ್ಷತೆಯ ಪರವಾಗಿ ಒಂದು ಬಲವಾದ ವಾದವಿದೆ: ಕಡಿಮೆಯಲ್ಲಿ ಹೆಚ್ಚು ಪಡೆದರೆ ಭೂಮಿಯ ಮೇಲಿನ ಭಾರ ಇಳಿಯುತ್ತದೆ. ಇಳಿಯಬಹುದು, ಆದರೆ ತಾನಾಗಿ ಇಳಿಯುವುದಿಲ್ಲ. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ಕಲ್ಲಿದ್ದಲಿನ ಒಟ್ಟು ಬಳಕೆ ಏರಿತು ಎಂಬುದನ್ನು ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ತೋರಿಸಿದ್ದ. ನನ್ನ ತಮ್ಮಂದಿರಲ್ಲೂ ಇದನ್ನೇ ಕಾಣುತ್ತೇನೆ. ಮೆಲ್ಬರ್ನಿನವನು ಎಪ್ಪತ್ತರಿಂದ ಎಂಬತ್ತಕ್ಕೆ ಏರಿದಾಗ ಮಾಲ್ಟ್ ಕಡಿಮೆ ತರಲಿಲ್ಲ, ದೊಡ್ಡ ಪಾತ್ರೆ ತಂದ. ಮನೆಯವನು ಯಂತ್ರದಿಂದ ಉಳಿಯುವ ಹಣದಲ್ಲಿ ಗದ್ದೆಯನ್ನೂ ತೋಟ ಮಾಡುವ ಮಾತಾಡುತ್ತಿದ್ದಾನೆ. ಉಳಿದದ್ದು ಎಲ್ಲಿಗೆ ಹೋಗಬೇಕು ಎಂದು ದಕ್ಷತೆ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ನಾವು.

ಹೀಗಾಗಿ ನಾನು ತಲುಪಿದ ತೀರ್ಮಾನ ಸಣ್ಣದು. ದಕ್ಷತೆ ಒಂದು ಸದ್ಗುಣವಲ್ಲ, ದುರ್ಗುಣವೂ ಅಲ್ಲ. ಅದೊಂದು ಭಾಗಾಕಾರ. ಸದ್ಗುಣ ಇರುವುದು ಎರಡು ಕಡೆ: ಪ್ರಾಮಾಣಿಕವಾಗಿ ಅಳೆಯುವುದರಲ್ಲಿ, ಮತ್ತು ಬೇಲಿ ಎಲ್ಲಿ ಹಾಕಿದ್ದೇನೆ ಎಂದು ಮುಚ್ಚಿಡದೆ ಹೇಳುವುದರಲ್ಲಿ. ಚೀಲದಲ್ಲಿ, ಸಿಪ್ಪೆಯಲ್ಲಿ, ಗಸಿಯಲ್ಲಿ ಉಳಿದದ್ದೆಲ್ಲ ನಷ್ಟವಲ್ಲ. ಎಲ್ಲವೂ ದಾನವೂ ಅಲ್ಲ. ಕೆಲವು ನಿಸರ್ಗದ ಪಾಲು, ಅವನ್ನು ಒಪ್ಪಿಕೊಳ್ಳಬೇಕು. ಕೆಲವು ಬೇರೆಯವರ ಹಕ್ಕು, ಅವನ್ನು ಕೊಡಬೇಕು. ಕೆಲವು ಮಾತ್ರ ನಮ್ಮ ಅಜಾಗರೂಕತೆ, ಅವನ್ನು ತಿದ್ದಿಕೊಳ್ಳಬೇಕು. ಒಂದೇ ಶೇಕಡಾವಾರು ಅಂಕಿ ಈ ಮೂರನ್ನೂ ಒಂದೇ ಬಣ್ಣದಲ್ಲಿ ತೋರಿಸುತ್ತದೆ. ಮೂರನ್ನೂ ಬಿಡಿಸಿ ಬರೆಯುವ ಕೆಲಸ ಬರೆಯುವವನದು.

ಇಂಥ ಲೆಕ್ಕ ಅಡಿಕೆಗೆ, ಬಿಯರಿಗೆ ಮಾತ್ರ ಸೇರಿದ್ದಲ್ಲ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಗಂಟೆಗೆ ಎಷ್ಟು ಪುಟ, ಪುಟಕ್ಕೆ ಎಷ್ಟು ಅಂಕ ಎಂದು ತಮ್ಮನ್ನೇ ಹಿಂಡಿಕೊಳ್ಳುವ ಅಭ್ಯಾಸ ಗೊತ್ತಿರುತ್ತದೆ. ಗೆಳೆಯನ ಕಷ್ಟ ಕೇಳುತ್ತಾ ಕಳೆದ ಸಂಜೆಯನ್ನು ಯಾವ ಕಲಮಿನಲ್ಲಿ ಬರೆಯುತ್ತೀರಿ ಎಂದು ಒಮ್ಮೆ ಕೇಳಿಕೊಳ್ಳಿ. ಆವಿಯಾದದ್ದೋ, ಕುಡಿಸಿದ್ದೋ?

ನಮ್ಮ ಅಂಗಳಕ್ಕೆ ಯಂತ್ರ ಬರಲೂಬಹುದು. ಬರಬಾರದು ಎಂದು ನಾನು ಹಟ ಹಿಡಿದಿಲ್ಲ. ತಮ್ಮನಿಗೆ ಹೇಳಿದ್ದು ಇಷ್ಟೇ: ಹಾಳೆಯ ಎಡಗಡೆ ನೀನು ಬರೆದದ್ದು ಹಾಗೇ ಇರಲಿ, ಬಲಗಡೆ ಆ ಆರು ಜನರ ಹೆಸರು, ಹೋದ ವರ್ಷ ಅವರು ಸುಲಿದ ಡಬ್ಬ, ಪಡೆದ ಕೂಲಿ ಬರೆ. ಆಮೇಲೆ ಅವರನ್ನೂ ಕೂರಿಸಿಕೊಂಡು ಮಾತಾಡೋಣ. ಅವನು ಬರೆಯಲು ಕೂತಿದ್ದಾನೆ. ನಾಲ್ಕು ಜನರ ಹೆಸರು ಬರೆದ ಮೇಲೆ ಉಳಿದ ಇಬ್ಬರ ಪೂರ್ತಿ ಹೆಸರು ಏನೆಂದು ಅಮ್ಮನನ್ನು ಕೇಳುತ್ತಿದ್ದಾನೆ.